ಪಿಆರ್‌ಆರ್: ಭಾನುವಾರದ ಸಭೆಗೆ ಬರೋ ಮುಂಚೆ ಓದಿ

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್‌ಗೆ (ಪಿಆರ್‌ಆರ್) ನಮ್ಮ ಸೈಟುಗಳು ಹೋಗೋ ವಿಷಯಕ್ಕೆ ಭಾನುವಾರ ಬೆಳಿಗ್ಗೆ 10ಕ್ಕೆ ದೇವಸ್ಥಾನದ ಹತ್ರ ಸಭೆ. ಸೇಲ್ ಡೀಡ್, ಇಸಿ (ಋಣಭಾರ ಪತ್ರ), ಖಾತಾ ಜೆರಾಕ್ಸ್ ತನ್ನಿ.

4ನೇ ಕ್ರಾಸ್: ಈಗ ಆ ರೋಡ್ ಹೆಸರು ಬಿಸಿನೆಸ್ ಕಾರಿಡಾರ್ ಅಂತೆ ಸಾರ್. ಹೆಸರು ಬದಲಾದ್ರೆ ಸೈಟ್ ಉಳಿಯುತ್ತಾ? 😀

ಕಾರ್ಯದರ್ಶಿ: ಹೆಸರಷ್ಟೇ ಹೊಸದು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಸುಮಾರು 73 ಕಿ.ಮೀ., ಅದೇ ರಸ್ತೆ. ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ 2005ರದ್ದು, ಅಂತಿಮ 2007ರದ್ದು.

2ನೇ ಕ್ರಾಸ್: ನಾವು ತಗೊಂಡಿದ್ದು 2011ರಲ್ಲಿ. 'ಆ ರೋಡ್ ಬರೋದೇ ಇಲ್ಲ ಮೇಡಂ' ಅಂದಿದ್ದ ಬ್ರೋಕರ್. ಮಗಳ ಮದುವೆಗೆ ಸಾಲ ಕೇಳಿದ್ರೆ ಬ್ಯಾಂಕ್‌ನವರು ಸರ್ವೆ ನಂಬರ್ ನೋಡಿ ಫೈಲ್ ವಾಪಸ್ ಕೊಟ್ರು.

6ನೇ ಕ್ರಾಸ್: ಧರಣಿ ಕೂರೋಣ ಬನ್ನಿ. ಬ್ಯಾನರ್ ಖರ್ಚು ನಂದು.

ವಕೀಲ್ರು, 1ನೇ ಕ್ರಾಸ್: ಕೂರೋಣ, ಬೇಡ ಅನ್ನಲ್ಲ. ಆದ್ರೆ ಡಿನೋಟಿಫೈ ಮಾಡಲ್ಲ, ಅಂದ್ರೆ ಜಮೀನನ್ನ ಸ್ವಾಧೀನದಿಂದ ಕೈಬಿಡಲ್ಲ ಅಂತ 2025ರಲ್ಲಿ ಡಿಸಿಎಂ ಆಗಿದ್ದ ಡಿ.ಕೆ. ಶಿವಕುಮಾರ್ ಖಡಾಖಂಡಿತವಾಗಿ ಹೇಳಿದ್ರು. ಹೆಚ್ಚು ಪರಿಹಾರ ಕೊಡೋ 2013ರ ಭೂಸ್ವಾಧೀನ ಕಾಯ್ದೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಸ್ವಾಧೀನಕ್ಕೆ ಅನ್ವಯಿಸಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿದೆ. 2025ರ ಅಕ್ಟೋಬರ್‌ನಲ್ಲಿ, 100 ಮೀಟರ್ ಬದಲು 65 ಮೀಟರ್ ರಸ್ತೆ, ಉಳಿದ 35 ಮೀಟರ್ ಜಮೀನು ಕೊಟ್ಟವರಿಗೇ ವಾಣಿಜ್ಯಕ್ಕೆ ಅಂತ ಸರ್ಕಾರ ಹೇಳ್ತು. ಎಕರೆಗಟ್ಟಲೆ ಇರೋ ರೈತರಿಗೆ ಅದರಲ್ಲಿ ಏನೋ ಸಿಗಬಹುದು. 30x40 ಅಡಿ ಸೈಟ್ ಇರೋರಿಗೆ? ನಮ್ಮ ಅರ್ಜಿ ಶುರುವಾಗಬೇಕಾದ್ದೇ ಅಲ್ಲಿಂದ.

ಇನ್ನೊಂದು ವಿಷಯ, ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಹೆಚ್ಚಿನವರು ಅಧಿಸೂಚನೆ ಆದಮೇಲೆ ಕೊಂಡವರು. ಅಂಥವರು ಸ್ವಾಧೀನವನ್ನೇ ಪ್ರಶ್ನೆ ಮಾಡಿದ್ರೆ ಕೋರ್ಟಲ್ಲಿ ನಿಲ್ಲೋದು ಕಷ್ಟ, ಪರಿಹಾರ ಕೇಳಬಹುದು. ಅದಕ್ಕೂ ಪಹಣಿ ನೋಡ್ಬೇಕು. ಅದು ಇನ್ನೂ ಹಳೇ ಜಮೀನುದಾರರ ಹೆಸರಲ್ಲಿದ್ರೆ ನೋಟಿಸ್ ಅವರಿಗೇ ಹೋಗುತ್ತೆ. ನೀವು ತಕರಾರು ಅರ್ಜಿ ಹಾಕದಿದ್ರೆ ದುಡ್ಡೂ ಅವರ ಪಾಲಾಗಬಹುದು.

2ನೇ ಕ್ರಾಸ್: ಅಯ್ಯೋ ದೇವ್ರೇ. ನಮ್ಮದು ಕೃಷಿ ಜಮೀನಲ್ಲೇ ಮಾಡಿದ ರೆವಿನ್ಯೂ ಸೈಟು, ಪಹಣಿ ಹಳೇ ಜಮೀನುದಾರ ಗೌಡ್ರ ಹೆಸರಲ್ಲೇ ಇದೆ.

ಕಾರ್ಯದರ್ಶಿ: ಗಾಬರಿ ಆಗ್ಬೇಡಿ ಅಮ್ಮಾ. ಮೊದಲು ಸೈಟಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆಗೀರಿ, ಸರ್ವೆ ನಂಬರ್ ತೋರಿಸುತ್ತೆ. ಅದನ್ನ ಅಧಿಸೂಚನೆ ಪಟ್ಟಿ ಜೊತೆ ತಾಳೆ ನೋಡೋಣ. ಒಂದೇ ಸರ್ವೆ ನಂಬರ್‌ನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಇರೋದೂ ಉಂಟು. ಅರ್ಜಿ ಸಂಘದ್ದೊಂದು, ಮನೆಮನೆಯದ್ದು ಬೇರೆ ಬೇರೆ. ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ.

6ನೇ ಕ್ರಾಸ್: ಸರಿ, ಬ್ಯಾನರ್ ದುಡ್ಡಲ್ಲಿ ಎಲ್ಲರ ಜೆರಾಕ್ಸ್ ಮಾಡಿಸ್ತೀನಿ.

4ನೇ ಕ್ರಾಸ್: ಸರ್ವಿಸ್ ರೋಡ್, ಅಂಡರ್‌ಪಾಸ್ ವಿಷಯಾನೂ ಸೇರಿಸಿ ಸಾರ್. ಮಕ್ಕಳ ಸ್ಕೂಲು ಆ ಕಡೆ ಉಳಿಯುತ್ತೆ.

ಕಾರ್ಯದರ್ಶಿ: ಸೇರಿಸಿದ್ದೀನಿ. ಗೌಡ್ರ ಮನೆಗೆ ಶನಿವಾರ ನಾನೂ ವಕೀಲ್ರೂ ಹೋಗ್ತೀವಿ, ಜಗಳಕ್ಕಲ್ಲ. ಅವರ ಮಗನ ನಂಬರ್ ಇದ್ದೋರು ನನಗೆ ಪ್ರತ್ಯೇಕವಾಗಿ ಕಳಿಸಿ, ಗ್ರೂಪಲ್ಲಿ ಹಾಕ್ಬೇಡಿ.