ಅಜ್ಜಿ ಹೆಸರಿನ ದುಡ್ಡಿನ ವಿಷ್ಯ

ಚಿಕ್ಕಪ್ಪಾ, ನಿಮ್ಮ ಮೆಸೇಜ್ ಈಗ ನೋಡ್ದೆ, ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ. ಅಜ್ಜಿ ಹೆಸರಲ್ಲಿ ವರ್ಷಾ ವರ್ಷ ಕೊಡೋ ದುಡ್ಡನ್ನ ಈ ಸಲಾನೂ ಮಕ್ಕಳಿಗೆ ಬ್ಯಾಗು ಪುಸ್ತಕ ಹಂಚೋರಿಗೇ ಕೊಡೋಣ, ಸಂಘ, ಹಕ್ಕು, ಧರಣಿ ಅಂತ ರಾಜಕೀಯ ಮಾಡೋ ಸಂಸ್ಥೆಗಳಿಗೆ ಬೇಡ ಅಂದಿದ್ದೀರಲ್ಲ, ಅದೊಂದು ಮಾತು ನನಗೆ ಒಪ್ಪಿಗೆ ಆಗ್ಲಿಲ್ಲ.

ನಾವೆಲ್ಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗ್ತೀವಿ, ದರ್ಶನ ಮುಗಿಸಿ ಪುಳಿಯೋಗರೆ ತಿಂದು ಇಳಿದು ಬರ್ತೀವಿ. ಅಲ್ಲಿನ ಕಾಡಲ್ಲೇ ಇರೋ ಬುಡಕಟ್ಟಿನ ಜನ ಸೋಲಿಗರದ್ದೇ ನೋಡಿ. 1974ರಲ್ಲಿ ಆ ಕಾಡು ವನ್ಯಧಾಮ ಆಯ್ತು, ಕಾಡೊಳಗೆ ಅಲ್ಲಲ್ಲಿ ಬೇಸಾಯ ಮಾಡ್ಕೊಂಡಿದ್ದೋರನ್ನ ಎಬ್ಬಿಸಿ ಪೋಡು ಅನ್ನೋ ಸಣ್ಣ ಹಾಡಿಗಳಲ್ಲಿ ಒಂದ್ಕಡೆ ಕೂರಿಸಿದ್ರು. 1981ರಲ್ಲಿ ಡಾಕ್ಟರ್ ಸುದರ್ಶನ್ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ರು, ಮೊದ್ಲು ಆಸ್ಪತ್ರೆ ಕೆಲ್ಸ, ಆಮೇಲೆ ಸ್ಕೂಲು. ಇಲ್ಲಿವರೆಗೆ ನಿಮಗೂ ನನಗೂ ಜಗಳ ಇಲ್ಲ. ಆದ್ರೆ ಜೇನು, ನೆಲ್ಲಿಕಾಯಿ, ಸೀಗೇಕಾಯಿ, ಕಲ್ಲುಹೂವು ತಂದು ಮಾರಿನೇ ಅವರ ಸಂಸಾರ ನಡೀತಿತ್ತು, 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದ್ಮೇಲೆ ಅದಕ್ಕೂ ಕಲ್ಲು ಬಿತ್ತು. ಈಗ ಇದನ್ನ ಯಾರು ಕೇಳ್ಬೇಕು ಹೇಳಿ? ಬ್ಯಾಗ್ ಕೊಡೋರು ಕೇಳಲ್ಲ. ಓಟಿದೆಯಲ್ಲ ಅಂತೀರ, ಪೋಡಲ್ಲಿರೋದು ಒಂದಷ್ಟು ಮನೆ, ಪಂಚಾಯ್ತೀಲಿ ಮಿಕ್ಕಿದ್ದೆಲ್ಲ ಬೇರೆ ಊರಿನೋರು ಅಂದ್ರೆ ಅವರ ಓಟು ಯಾವ ಮೂಲೆಗೆ.

ಅದಕ್ಕೇ ಕಾಡಲ್ಲಿರೋರಿಗೆ ಕಾಡಿನ ಮೇಲೆ ಹಕ್ಕು ಕೊಡೋ 2006ರ ಅರಣ್ಯ ಹಕ್ಕು ಕಾಯ್ದೆ ದೊಡ್ಡದು ಅಂತ ನಾನು ಹೇಳೋದು. ಅದ್ರಲ್ಲಿ ಗ್ರಾಮಸಭೆ ಅಂದ್ರೆ ಇಡೀ ಪಂಚಾಯ್ತಿದಲ್ಲ, ಆಯಾ ಊರಿಂದು, ಹಕ್ಕು ಕೇಳೋ ಅರ್ಜಿ ಮೊದ್ಲು ತೀರ್ಮಾನ ಆಗೋದೇ ಅಲ್ಲಿ, ಆಮೇಲೆ ಉಪವಿಭಾಗ, ಜಿಲ್ಲಾ ಸಮಿತಿ. ಈಗಿನ ನಿಯಮದ ಪ್ರಕಾರ ಅರ್ಧದಷ್ಟು ಜನ ಸಭೇಲಿರ್ಬೇಕು, ಬಂದೋರಲ್ಲಿ ಮೂರ್ನೇ ಒಂದು ಭಾಗ ಹೆಂಗಸ್ರಿರ್ಬೇಕು. ಹಿರಿಯರು ಹೇಳೋ ಮಾತು, ದೇವರ ಜಾಗ, ಸಮಾಧಿ, ಇವೂ ಸಾಕ್ಷಿ ಆಗತ್ತೆ, ಬರೀ ಪಹಣಿ ಒಂದೇ ಅಲ್ಲ. ಆದ್ರೆ ಕಾಯ್ದೆ ಪುಸ್ತಕದಲ್ಲಿದ್ರೆ ಏನ್ ಬಂತು, ಅದನ್ನ ಓದಿ ಹೇಳ್ಬೇಕಲ್ಲ, ಅರ್ಜಿ ಬರೀಬೇಕಲ್ಲ. ಅಲ್ಲಿ ಸೋಲಿಗ ಅಭಿವೃದ್ಧಿ ಸಂಘ ಇತ್ತು, ಅವರದ್ದೇ ಸಂಘ. ಪರಿಸರದ ಬಗ್ಗೆ ಸಂಶೋಧನೆ ಮಾಡೋ ಬೆಂಗಳೂರಿನ ಏಟ್ರೀ ಸಂಸ್ಥೆಯೋರು ಮ್ಯಾಪ್ ಮಾಡೋಕೆ ಕೈಜೋಡಿಸಿದ್ರು, ಆದ್ರೆ ಯಾವ ಕುಲದ ಯೇಲೆ, ಅಂದ್ರೆ ಗಡಿ, ಎಲ್ಲಿಂದ ಎಲ್ಲಿವರೆಗೆ, ಮಾರಮ್ಮ ಎಲ್ಲಿ, ವೀರು ಅನ್ನೋ ದೈವದ ಜಾಗ ಎಲ್ಲಿ, ಕಲ್ಲುಗುಡಿ ಅನ್ನೋ ಸಮಾಧಿ ಎಲ್ಲಿ, ಅಬ್ಬಿ ಅನ್ನೋ ನೀರಿನ ಜಾಗ ಎಲ್ಲಿ ಅಂತ ತೋರಿಸಿದ್ದು ಸೋಲಿಗರೇ. ಹಂಗೆ ನೂರಾರು ಜಾಗ ಮ್ಯಾಪಿಗೆ ಬಂತು. 2011ರ ಜನವರೀಲಿ ಆ ಕಾಡನ್ನ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಮಾಡಿದ್ರು, ಅದೇ ಅಕ್ಟೋಬರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ, ಅಂದ್ರೆ ಒಬ್ಬೊಬ್ಬರಿಗಲ್ಲ ಇಡೀ ಊರಿಗೇ ಕಾಡಿನ ಮೇಲೆ ಹಕ್ಕಿದೆ ಅನ್ನೋ ಪತ್ರ, ಸಿಕ್ತು! ಹುಲಿ ಕಾಡೊಳಗೆ ಹಿಂಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಇದು ರಾಜಕೀಯ ಅಲ್ದೆ ಮತ್ತೇನು ಚಿಕ್ಕಪ್ಪಾ, ಆದ್ರೆ ಇದ್ರಲ್ಲಿ ಕೆಟ್ಟದ್ದೇನಿದೆ?

ಹಕ್ಕುಪತ್ರ ಬಂತು ಅಂತ ಎಲ್ಲಾ ಸರಿಹೋಗ್ಲಿಲ್ಲ, ಕಾಡು ಯಾರು ನೋಡ್ಕೋಬೇಕು ಅನ್ನೋದ್ರಲ್ಲಿ ಇಲಾಖೆ ಜೊತೆ ಎಳೆದಾಟ ನಡೆದೇ ಇದೆ.

ಮತ್ತೆ ನಿಮ್ಮ ಅನುಮಾನ ಪೂರ್ತಿ ಸುಳ್ಳು ಅಂತಾನೂ ನಾನು ಹೇಳಲ್ಲ. ಹಳ್ಳಿಯೋರನ್ನ ಫೋಟೋಗೆ ಮುಂದೆ ಕೂರಿಸಿ, ಮೈಕ್ ಮಾತ್ರ ಸಿಟಿಯಿಂದ ಬಂದ ಸಾಹೇಬ್ರೇ ಹಿಡ್ಕೊಳ್ಳೋ ಸಂಸ್ಥೆಗಳನ್ನ ನಾನೂ ನೋಡಿದ್ದೀನಿ, ಅಂಥೋರಿಗೆ ಒಂದ್ರೂಪಾಯಿನೂ ಬೇಡ. ಜೊತೆಗೆ ವಿದೇಶಿ ದೇಣಿಗೆ ಕಾಯ್ದೆ ಒಂದಿದೆ, 2010ರದ್ದು, ರಾಜಕೀಯ ಸ್ವರೂಪದ ಸಂಸ್ಥೆ ಅನ್ನಿಸ್ಕೊಂಡ್ರೆ ಹೊರಗಿನ ದುಡ್ಡು ತಗೊಳ್ಳೋ ಹಾಗಿಲ್ಲ, ಅದಕ್ಕೆ ಎಷ್ಟೋ ಜನ ಹಕ್ಕಿನ ಮಾತೇ ಬಿಟ್ಟು ಕ್ಯಾಂಪು, ಟ್ರೈನಿಂಗು ಅಂತ ಇದ್ಬಿಡ್ತಾರೆ. ನಮ್ಮಂಥೋರು ಕೊಡೋ ಸಣ್ಣ ದುಡ್ಡು ಬೇಕಾಗೋದು ಇಲ್ಲೇ. ಯಾಕಂದ್ರೆ ಸಭೆಗೆ ಬರೋದು ಅಂದ್ರೆ ಅವರಿಗೆ ಆ ದಿನದ ಕೂಲಿ ಹೋಯ್ತು, ತಾಲೂಕಾಫೀಸಿಗೆ ಬಸ್ ಚಾರ್ಜು, ಜೆರಾಕ್ಸು, ಮಧ್ಯಾಹ್ನದ ಊಟ, ಇದಕ್ಕೆಲ್ಲ ಯಾವ ಗ್ರಾಂಟೂ ಸುಲಭಕ್ಕೆ ಬರಲ್ಲ.

ಅದಕ್ಕೆ ಒಂದ್ ಕೆಲ್ಸ ಮಾಡೋಣ, ಅರ್ಧ ಬ್ಯಾಗಿಗೇ ಹೋಗ್ಲಿ, ಇನ್ನರ್ಧ ಜನರೇ ನಡೆಸೋ ಇಂಥ ಯಾವ್ದಾದ್ರೂ ಸಂಘಕ್ಕೆ, ಕಮಿಟೀಲಿ ಊರಿನೋರೆಷ್ಟು ಜನ ಇದ್ದಾರೆ ಅಂತ ಕೇಳ್ಕೊಂಡೇ ಕೊಡೋಣ. ಅತ್ತೆ, ನೀವೂ ಓದಿದ್ರೆ ಏನಾದ್ರೂ ಹೇಳಿ, ಬರೀ ನಮಸ್ಕಾರದ ಸ್ಟಿಕ್ಕರ್ ಹಾಕ್ಬೇಡಿ.