ರಾಯಚೂರು: ಎರಡು ಎಕರೆ ಪಾರ್ಕ್ ಜಾಗ, ಪೂರಾ ಎರೆಮಣ್ಣು. ಡಿಪಿಆರ್ (ವಿವರವಾದ ಯೋಜನಾ ವರದಿ) ಆಗೋ ಮುಂಚೆ ಏನೇನು ಕೇಳಬೇಕು?

ಪ್ರಶ್ನೆ (ಬಡಾವಣೆ_ನಿವಾಸಿ):
ಊರ ಹೊರಗಿನ ಹೊಸ ಬಡಾವಣೆ. ಪಾರ್ಕಿಗೆ ಬಿಟ್ಟ ಜಾಗ ಸುಮಾರು ಎರಡು ಎಕರೆ. ಒಂದು ಬದಿಗೆ ಹಳ್ಳ, ಅದರಾಚೆ ಇನ್ನೊಂದು ಬಡಾವಣೆ ಮತ್ತು ಸರ್ಕಾರಿ ಶಾಲೆ. ಕರಡು ನಕ್ಷೆಯಲ್ಲಿ ಸುತ್ತಲೂ ಪೇವರ್ ಟ್ರ್ಯಾಕ್, ನಡುವೆ ಅರ್ಧ ಎಕರೆ ಲಾನ್, ಕಾರಂಜಿ, ಓಪನ್ ಜಿಮ್, ಮಕ್ಕಳ ಆಟದ ಸಾಮಾನು ಇವೆ. ಸಂಘದಿಂದ ಲಿಖಿತ ಸಲಹೆ ಕೊಡಬೇಕು. ಈ ಮಣ್ಣಿಗೆ ಪೇವರ್ ನಿಲ್ಲುತ್ತದಾ? ಲಾನಿಗೆ ಎಷ್ಟು ನೀರು ಬೇಕು? ವಾಲಿಬಾಲ್, ಕಬಡ್ಡಿಗೂ ಜಾಗ ಮಾಡಬಹುದಾ?

ಎರಿಹೊಲ:
ಪೇವರಿಂದೇನು ತಪ್ಪಿಲ್ರಿ, ಅದರ ಬುಡದಾಗ ತಪ್ಪಾಗ್ತದ. ಎರಿಮಣ್ಣು ಮಳಿಗಾಲಕ್ಕ ಉಬ್ತದ, ಬ್ಯಾಸಗಿಗೆ ಕುಗ್ಗಿ ಬಿರಕು ಬಿಡ್ತದ. ಅದರ ಮ್ಯಾಲೆ ನಾಕು ಬೆರಳು ಉಸುಕು ಹಾಕಿ ಕಲ್ಲು ಜೋಡಿಸಿದ್ರ ಎರಡನೇ ಮಳಿಗೇ ಅಲೆ ಬೀಳ್ತದ. ಎಸ್ಟಿಮೇಟಿನಾಗ ಇಷ್ಟು ಇರಬೇಕು: ಟ್ರ್ಯಾಕಿನ ಅಗಲಕ್ಕ ಎರಿಮಣ್ಣು 450 ಮಿ.ಮೀ. ತೆಗೆದು, ಗರಸು (ಮರಂ) ತುಂಬೋದು. ಒಮ್ಮೆಗೇ ಸುರುವಿ ರೋಲರ್ ಹೊಡಿಯೋದಲ್ಲ, 150 ಮಿ.ಮೀ. ಪದರಿಗೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಬೇಕು. ಪೇವರ್ ಕೆಳಗ ಉಸುಕು 30–40 ಮಿ.ಮೀ. ಸಾಕು. ಎರಡೂ ಅಂಚಿಗೆ ಕಾಂಕ್ರೀಟ್ ಕರ್ಬ್ ಇಲ್ಲಂದ್ರ ಕಲ್ಲು ಹೊರಗ ಸರೀತಾವ. ಅಡ್ಡ ಇಳಿಜಾರು ನೂರಕ್ಕ ಎರಡು.

ನನ್ನ ಕೇಳಿದ್ರ ಪೇವರ್ ಬ್ಯಾಡ. ಅದೇ ಗರಸಿನ ಮ್ಯಾಲೆ 50 ಮಿ.ಮೀ. ಕ್ರಷರ್ ಪುಡಿ ಹಾಕಿ ಬಿಗಿ ಮಾಡ್ಸ್ರಿ. ಮೊಣಕಾಲಿಗೆ ಹಿತ, ಮಧ್ಯಾಹ್ನ ಕಾಯೋದು ಕಮ್ಮಿ, ಕಿತ್ತುಹೋದ್ರ ಒಂದು ಪುಟ್ಟಿ ಪುಡಿ ಸಾಕು. ವೀಲ್‌ಚೇರಿಗೂ ನಡೀತದ, ಆದ್ರ ಬಿಗಿ ಸಡಲಬಾರದು. ಎರಡು ಎಕರೆ ಚೌಕ ಜಾಗ ಅಂದ್ರ ಟ್ರ್ಯಾಕ್ 320 ಮೀಟರ್ ಹತ್ರ ಬರ್ತದ. 2.4 ಮೀಟರ್ ಅಗಲ ಹಿಡಿದ್ರ 770 ಚದರ ಮೀಟರ್, ಗರಸು ದಮ್ಮಸ್ಸಾದ ಮ್ಯಾಲೆ ಸುಮಾರು 345 ಘನ ಮೀಟರ್. ಟಿಪ್ಪರಿನಾಗ ಬರೋ ಸಡಲ ಗರಸು ಇದಕ್ಕಿಂತ ನೂರಕ್ಕ ಇಪ್ಪತ್ತಾದರೂ ಜಾಸ್ತಿ ಬೇಕು. ಬಿಲ್ಲಿನಾಗ ಯಾವ ಅಳತಿ ಹಾಕ್ಯಾರ ಅಂತ ನೋಡ್ರಿ, ಜಗಳ ಹತ್ತೋದು ಅಲ್ಲೇ.

ಬೇವಿನ_ನೆರಳು:
ನಮ್ಮ ಬಿಸಿಲಿಗೆ ಹುಲ್ಲುಹಾಸು ದಿನಕ್ಕೆ ಚದರ ಮೀಟರಿಗೆ ಆರು ಲೀಟರ್ ಆಸುಪಾಸು ಕುಡಿಯುತ್ತದೆ. ಅರ್ಧ ಎಕರೆ ಅಂದರೆ 2,000 ಚ.ಮೀ., ದಿನಕ್ಕೆ 12,000 ಲೀಟರ್. ಏಪ್ರಿಲ್-ಮೇನಲ್ಲಿ ಅಷ್ಟು ನೀರನ್ನು ಯಾರು, ಯಾವ ಲೆಕ್ಕಶೀರ್ಷಿಕೆಯಲ್ಲಿ ಕೊಡುತ್ತಾರೆ ಎಂದು ಕೇಳಿ. ಉತ್ತರ ಬರದಿದ್ದರೆ ಲಾನ್ ಹೊಡೆದುಹಾಕಿ, ಕಾರಂಜಿಯನ್ನೂ. ಅದೇ 150 ಸಸಿಗಳಿಗೆ ವಾರಕ್ಕೆರಡು ಸಲ 30 ಲೀಟರಿನಂತೆ ಡ್ರಿಪ್ ಕೊಟ್ಟರೆ ವಾರಕ್ಕೆ 9,000 ಲೀಟರಿನಲ್ಲಿ ಮುಗಿಯುತ್ತದೆ, ಅದೂ ಮೊದಲ ಎರಡು-ಮೂರು ಬೇಸಿಗೆ ಮಾತ್ರ.

ಬೋರ್‌ವೆಲ್ ನೀರೇ ಗತಿ ಎಂದಾದರೆ ಮೊದಲು ಉಪ್ಪಿನಂಶ ಮತ್ತು ಸೋಡಿಯಂ ಪರೀಕ್ಷೆ ಮಾಡಿಸಿ. ಸೋಡಿಯಂ ಹೆಚ್ಚಿರುವ ನೀರು ಬಿದ್ದ ಎರೆಮಣ್ಣು ಗಟ್ಟಿ ಹೆಪ್ಪುಗಟ್ಟುತ್ತದೆ, ಆಮೇಲೆ ಮಳೆ ನೀರೂ ಇಂಗುವುದಿಲ್ಲ.

ಮರಗಳು: ಬೇವು, ಹೊಂಗೆ, ಹುಣಸೆ, ಬಸರಿ, ಹಳ್ಳದ ಬದಿಗೆ ನೇರಳೆ. ಗುಂಡಿ 1 ಮೀಟರ್ ಘನ, ಅಂತರ 6ರಿಂದ 8 ಮೀಟರ್. ಬಸರಿಯನ್ನು ಕಾಂಪೌಂಡಿನಿಂದ ದೂರ ಇಡಿ, ಬೇರು ಗೋಡೆ ಸೀಳುತ್ತದೆ. ಟ್ರ್ಯಾಕಿನ ಪಶ್ಚಿಮ ಬದಿಗೆ ಮೊದಲು ನೆಡಿ, ಸಂಜೆಯ ನೆರಳು ಬೇಗ ಸಿಗುತ್ತದೆ. ಬೇಗ ಹಸಿರಾಗಲಿ ಎಂದು ಗುತ್ತಿಗೆದಾರರು ಕೊನೊಕಾರ್ಪಸ್ ಎಂಬ ವಿದೇಶಿ ಗಿಡ ತರುತ್ತಾರೆ. ಒಪ್ಪಬೇಡಿ, ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಬಡಾವಣೆ_ನಿವಾಸಿ:
ಲಾನ್ ತೆಗೆದರೆ ಆ ಅರ್ಧ ಎಕರೆಯಲ್ಲಿ ಅಂಕಣ ಕೂಡುತ್ತವಾ? ಹಳ್ಳದ ಕಡೆ ಗೋಡೆ ಕಟ್ಟಬೇಕು ಅಂತ ಕೆಲವರ ಒತ್ತಾಯ.

ಅಂಕಣದ_ಅಳತೆ:
ಆರಾಮಾಗಿ ಕೂಡುತ್ತವೆ. ವಾಲಿಬಾಲ್ ಅಂಕಣ 18×9 ಮೀಟರ್, ಸುತ್ತ 3 ಮೀಟರ್ ಬಿಟ್ಟರೆ 24×15. ಕಬಡ್ಡಿ 13×10, ಹೊರಗೆ ಹೆಚ್ಚು ಜಾಗ ಬಿಡಿ. ಎರಡರ ಉದ್ದವೂ ಉತ್ತರ-ದಕ್ಷಿಣಕ್ಕೆ ಇರಲಿ, ಇಲ್ಲವಾದರೆ ಸಂಜೆ ಒಂದು ತಂಡ ಸೂರ್ಯನನ್ನೇ ನೋಡುತ್ತಾ ಆಡಬೇಕು. ಜಾರುಬಂಡೆ ಲೋಹದ್ದಾದರೆ ಮುಖ ಉತ್ತರಕ್ಕೆ, ಸಾಧ್ಯವಾದರೆ ನೆರಳಲ್ಲಿ. ಜೋಕಾಲಿಯ ಕೊಂಡಿ 2.4 ಮೀಟರ್ ಎತ್ತರದಲ್ಲಿದ್ದರೆ ಮುಂದೆ 4.8, ಹಿಂದೆ 4.8 ಮೀಟರ್ ಖಾಲಿ ಇರಬೇಕು; ಕೆಳಗೆ ಕಾಂಕ್ರೀಟ್ ಬೇಡ, 300 ಮಿ.ಮೀ. ತೊಳೆದ ಉಸುಕು. ಓಪನ್ ಜಿಮ್ ಬಯಲಲ್ಲಿಟ್ಟರೆ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಹಿಡಿ ಮುಟ್ಟಲಾಗದು.

ಹಳ್ಳದ ಕಡೆ ಗೋಡೆ ಕಟ್ಟಿದರೆ ಇರುವ ಅನುಕೂಲವನ್ನೇ ಮುಚ್ಚಿದಂತೆ. ಜಾಲರಿ ಬೇಲಿ ಮತ್ತು ಗೇಟ್ ಸಾಕು. ದಂಡೆಗುಂಟ 3 ಮೀಟರ್ ಗರಸಿನ ದಾರಿ ಮಾಡಿ ಶಾಲೆಯವರೆಗೆ ಒಯ್ದರೆ ಮಕ್ಕಳಿಗೆ ಮುಖ್ಯ ರಸ್ತೆ ತಪ್ಪುತ್ತದೆ. ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗುರುತು ಹಾಕಿ, ದಾರಿ ಅದಕ್ಕಿಂತ ಮೇಲೆ ಇರಲಿ. ಮಾಸ್ಟರ್ ಪ್ಲಾನಿನಲ್ಲಿ ಹಳ್ಳಕ್ಕೆ ಬಿಟ್ಟ ಬಫರ್ (ಏನೂ ಕಟ್ಟದೆ ಬಿಡಬೇಕಾದ ಅಂಚು) ಎಷ್ಟು ಎಂಬುದನ್ನೂ ನೋಡಿಕೊಳ್ಳಿ. ಬೈಕ್ ತಡೆಯಲು ಕಂಬ ನೆಟ್ಟರೆ ಪ್ರಯೋಜನವಿಲ್ಲ: ವೀಲ್‌ಚೇರ್ ಹೋಗುವಷ್ಟು, ಅಂದರೆ 90 ಸೆಂ.ಮೀ. ಬಿಟ್ಟರೆ ಬೈಕೂ ನುಗ್ಗುತ್ತದೆ. ಒಳಗೆ ತಿರುಗಲು 1.5 ಮೀಟರ್ ಇರುವ ಅಂಕುಡೊಂಕು ಗೇಟ್ ಹಾಕಿಸಿ.

ಜಾಗ ಪಾಲಿಕೆಗೆ ಹಸ್ತಾಂತರವಾದ ಪತ್ರ ಮತ್ತು ಅನುಮೋದಿತ ನಕ್ಷೆಯ ಪ್ರತಿ ಸಲಹೆಯ ಜೊತೆ ಲಗತ್ತಿಸಿ. 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯನ್ನೂ ಉಲ್ಲೇಖಿಸಿ. ನಾಳೆ ಅಲ್ಲೊಂದು ಸಮುದಾಯ ಭವನ ಏಳದಂತೆ ತಡೆಯಲು ಅದೇ ಆಧಾರ.

ಎರಿಹೊಲ:
ಒಂದು ಬಿಟ್ಟೋಗಿತ್ತು. ಟ್ರ್ಯಾಕ್ ಹಾಕೋ ಮುಂಚೆ ಪ್ರತಿ 25–30 ಮೀಟರಿಗೊಂದು 110 ಮಿ.ಮೀ. ಪಿವಿಸಿ ಪೈಪ್ ಅಡ್ಡ ಹೂತಿಡಿಸ್ರಿ, ಎರಡೂ ತುದಿಗೆ ಮುಚ್ಚಳ ಹಾಕಿ. ಡ್ರಿಪ್ಪು, ಲೈಟಿನ ಕೇಬಲ್ಲು ಆಮೇಲೆ ಅದರಾಗ ಎಳೀಬಹುದು. ಇಲ್ಲಂದ್ರ ಲೈಟ್ ಗುತ್ತಿಗಿ ಹಿಡಿದಾವ ಬಂದು ಟ್ರ್ಯಾಕ್ ಅಗೀತಾನ.