ವಿಕಲಚೇತನ ಮಕ್ಕಳಿಗೆ ಆಟ ಕಲಿಸುವ ಪಿ.ಇ. ಶಿಕ್ಷಕರು: ಯಾವ ಪ್ರಶಸ್ತಿಗೆ ಹೆಸರು ಕಳಿಸಬೇಕು, ಕಡತದಲ್ಲಿ ಏನಿರಬೇಕು?

ಮಲಪ್ರಭಾ_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕರೊಬ್ಬರ ಹೆಸರನ್ನು ಪ್ರಶಸ್ತಿಗೆ ಕಳಿಸಬೇಕೆಂದು ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ತೀರ್ಮಾನವಾಗಿದೆ. ಅವರದು ಬಿ.ಪಿ.ಎಡ್. (ದೈಹಿಕ ಶಿಕ್ಷಣ ಪದವಿ), ಸೇವೆಯಲ್ಲಿದ್ದಾರೆ. ಶಾಲೆಯಲ್ಲಿ ಸೆರೆಬ್ರಲ್ ಪಾಲ್ಸಿ, ದೃಷ್ಟಿದೋಷ, ಬೌದ್ಧಿಕ ವಿಕಲತೆ ಇರುವ ಮಕ್ಕಳಿದ್ದಾರೆ. ಪಿ.ಇ. ಪೀರಿಯಡ್ ಬಂದರೆ ಅವರನ್ನು ಮರದ ನೆರಳಲ್ಲಿ ಕೂರಿಸಿ ಉಳಿದವರ ಚಪ್ಪಲಿ ಕಾಯಿಸುವ ಪದ್ಧತಿ ಇಲ್ಲಿಲ್ಲ, ಎಲ್ಲರೂ ಆಡುತ್ತಾರೆ. ಇಬ್ಬರು ಹುಡುಗರು ರಾಜ್ಯಮಟ್ಟದ ಪ್ಯಾರಾ ಅಥ್ಲೆಟಿಕ್ಸ್‌ಗೆ ಹೋಗಿದ್ದರು, ಒಬ್ಬನಿಗೆ ಪದಕ ಬಂದಿದೆ.

ದ್ರೋಣಾಚಾರ್ಯಕ್ಕೆ ಹಾಕಿ ಅನ್ನುವವರಿದ್ದಾರೆ, ಡಿಸೆಂಬರ್ 3ರ ವಿಕಲಚೇತನರ ದಿನದ ಪ್ರಶಸ್ತಿಗೆ ಅನ್ನುವವರೂ ಇದ್ದಾರೆ. ಅಧ್ಯಕ್ಷರಂತೂ ಪದ್ಮಶ್ರೀಗೇ ಹಾಕೋಣ ಅಂತಾರೆ. ಯಾವುದು ಸರಿ? ಸದ್ಯ ಕೈಯಲ್ಲಿರುವುದು ಒಂದು ಆಲ್ಬಂ ಫೋಟೊ ಮತ್ತು ಪೇಪರ್ ಕಟಿಂಗ್ ಅಷ್ಟೇ.

ಸೀಟಿ_ಮಾಸ್ತರ

ಪದ್ಮಶ್ರೀ ಮಾತು ಮೊದಲು ಬಿಡಿ. ನಿಯಮದ ಪ್ರಕಾರ ವೈದ್ಯರು ಮತ್ತು ವಿಜ್ಞಾನಿಗಳನ್ನು ಬಿಟ್ಟು ಸೇವೆಯಲ್ಲಿರುವ ಸರ್ಕಾರಿ ನೌಕರರು ಪದ್ಮ ಪ್ರಶಸ್ತಿಗೆ ಅರ್ಹರಲ್ಲ. ನಿವೃತ್ತಿಯಾದ ಮೇಲೆ ನೋಡಿಕೊಳ್ಳಬಹುದು.

ದ್ರೋಣಾಚಾರ್ಯ 1985ರಲ್ಲಿ ಶುರುವಾದದ್ದು. ಅದು ತರಬೇತುದಾರರ ಪ್ರಶಸ್ತಿ, ಅಳತೆಗೋಲು ಪದಕ. ಅದೂ ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟ, ವಿಶ್ವ ಚಾಂಪಿಯನ್‌ಷಿಪ್ ಮಟ್ಟದ ಪದಕ. ರಾಜ್ಯಮಟ್ಟದ ಪದಕಕ್ಕೆ ಅಲ್ಲಿ ತೂಕವೇ ಇಲ್ಲ. ಈಚೆಗೆ ಪ್ಯಾರಾ ವಿಭಾಗದಲ್ಲಿ ಬಂದವರನ್ನು ನೋಡಿ: 2020ರಲ್ಲಿ ಪ್ಯಾರಾ ಬ್ಯಾಡ್ಮಿಂಟನ್‌ನ ಗೌರವ್ ಖನ್ನಾ, 2021ರಲ್ಲಿ ಪ್ಯಾರಾ ಶೂಟಿಂಗ್‌ನ ಜೈ ಪ್ರಕಾಶ್ ನೌಟಿಯಾಲ್, 2022ರಲ್ಲಿ ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು. ಸುಮಾ ಅವರ ಶಿಷ್ಯೆ ಅವನಿ ಲೇಖರಾ ಟೋಕಿಯೊ ಪ್ಯಾರಾಲಿಂಪಿಕ್ಸ್ ಶೂಟಿಂಗ್‌ನಲ್ಲಿ ಚಿನ್ನ ಗೆದ್ದವರು. ಸ್ಪರ್ಧೆ ಆ ಮಟ್ಟದ್ದು. ನಿಯಮಿತ ವಿಭಾಗಕ್ಕೆ 10 ಲಕ್ಷ, ಜೀವಮಾನ ವಿಭಾಗಕ್ಕೆ 15 ಲಕ್ಷ ರೂಪಾಯಿ ಅಂತ ಕೇಳಿ ಆಸೆಪಟ್ಟು ಅರ್ಜಿ ಹಾಕುವವರು ಬಹಳ. ನಿಮ್ಮ ಮಾಸ್ತರರ ಕೆಲಸ ಬೇರೆ ಜಾತಿಯದು, ಅದನ್ನು ಪದಕದ ತಕ್ಕಡಿಗೆ ಹಾಕಿದರೆ ಅವರಿಗೇ ಅನ್ಯಾಯ.

ನಿಮಗೆ ಹೊಂದುವುದು ಎರಡು.

ಒಂದು, ಸೆಪ್ಟೆಂಬರ್ 5ರ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ. ಇದಕ್ಕೆ ಎಸ್‌ಡಿಎಂಸಿ ಕಳಿಸುವಂತಿಲ್ಲ, ಶಿಕ್ಷಕರೇ ಶಿಕ್ಷಣ ಸಚಿವಾಲಯದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಅರ್ಜಿ ತುಂಬಬೇಕು. ಜಿಲ್ಲಾ ಸಮಿತಿ 3 ಹೆಸರು ಆರಿಸಿ ರಾಜ್ಯಕ್ಕೆ ಕಳಿಸುತ್ತದೆ, ರಾಜ್ಯದಿಂದ ರಾಷ್ಟ್ರೀಯ ತೀರ್ಪುಗಾರರ ಮುಂದೆ ಹೋಗುತ್ತದೆ. ಅಂಕದ ಹಂಚಿಕೆಯಲ್ಲಿ 10 ಅಂಕ ದಾಖಲೆಯಿಂದ ಸಿಗುವಂಥದ್ದು, 90 ಅಂಕ ಕೆಲಸದ ಗುಣಮಟ್ಟಕ್ಕೆ. ಆ 90ರಲ್ಲೇ ನಿಮ್ಮ ಮಾಸ್ತರರು ಗೆಲ್ಲಬೇಕಾದ್ದು. ಗುತ್ತಿಗೆ ಶಿಕ್ಷಕರಿಗೆ ಅವಕಾಶ ಇಲ್ಲ. ಟ್ಯೂಷನ್ ಹೇಳುವವರಿಗೂ ಇಲ್ಲ. ಇಲಾಖಾ ವಿಚಾರಣೆ ಬಾಕಿ ಇಲ್ಲವೆಂಬ ವಿಜಿಲೆನ್ಸ್ ಪತ್ರ ಬೇಕು. ಕೊನೆಗಳಿಗೆಯಲ್ಲಿ ಕಡತ ನಿಲ್ಲುವುದು ಬಹುತೇಕ ಇಲ್ಲೇ, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಯಲ್ಲಿ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

ಎರಡು, ವಿಕಲಚೇತನರ ಸಬಲೀಕರಣದ ರಾಷ್ಟ್ರೀಯ ಪ್ರಶಸ್ತಿ, ಡಿಸೆಂಬರ್ 3ರದ್ದು. ನಾಮನಿರ್ದೇಶನ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ. ಇಲ್ಲಿ ವಿಭಾಗ ತಪ್ಪಿಸಿಕೊಳ್ಳಬೇಡಿ. ಪುನರ್ವಸತಿ ವೃತ್ತಿಪರರ ವಿಭಾಗ ಅಂತ ಒಂದಿದೆ, ಹೆಸರು ನೋಡಿ ಅದಕ್ಕೇ ಹಾಕುವವರಿದ್ದಾರೆ. ಬಿ.ಪಿ.ಎಡ್. ಪದವಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಸಿಗುವುದಿಲ್ಲ. ವಿಕಲಚೇತನರಿಗಾಗಿ ದುಡಿಯುವ ವ್ಯಕ್ತಿ ಎಂಬ ವಿಭಾಗವೇ ಇವರಿಗೆ ಸರಿ. ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೂ ಅದೇ ದಿನ ರಾಜ್ಯ ಪ್ರಶಸ್ತಿ ಕೊಡುತ್ತದೆ, ಜಿಲ್ಲಾ ಕಚೇರಿಯಲ್ಲಿ ಪ್ರಕಟಣೆ ಕೇಳಿ. ನನ್ನ ಅಭಿಪ್ರಾಯದಲ್ಲಿ ಮೊದಲು ರಾಜ್ಯ, ಆಮೇಲೆ ರಾಷ್ಟ್ರ.

ಬೋಚಾ_ಬಳಗ

ಸೀಟಿ ಮಾಸ್ತರರು ದಾರಿ ತೋರಿಸಿದ್ದಾರೆ, ನಾನು ಕಡತದ ಬಗ್ಗೆ ಹೇಳ್ತೀನಿ. ಫೋಟೊ ಆಲ್ಬಂ ಬದಿಗಿಡಿ. ಮುಖ್ಯ ಅತಿಥಿ ಹಾರ ಹಾಕುವ ಫೋಟೊ ಎಷ್ಟಿದ್ದರೂ ಮಗು ಏನು ಕಲಿಯಿತು ಅಂತ ಅದು ಹೇಳುವುದಿಲ್ಲ.

ಮೊದಲ ಪುಟದಲ್ಲಿ ಲೆಕ್ಕ ಇರಲಿ. ಶಾಲೆಯಲ್ಲಿ ಒಟ್ಟು ಎಷ್ಟು ವಿಶೇಷ ಅಗತ್ಯದ ಮಕ್ಕಳು, ವಾರಕ್ಕೆ ಎಷ್ಟು ಪಿ.ಇ. ಪೀರಿಯಡ್, ಅದರಲ್ಲಿ ಯಾವ ಮಗು ಎಷ್ಟರಲ್ಲಿ ಆಡಿತು. "ಅನೇಕ ಮಕ್ಕಳು ಪ್ರಯೋಜನ ಪಡೆದಿದ್ದಾರೆ" ಅಂತ ಬರೆದರೆ ಓದುವವರು ಪುಟ ಮಗುಚುತ್ತಾರೆ. ಮಕ್ಕಳ ಸಂಖ್ಯೆ ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ದತ್ತಾಂಶ) ಮತ್ತು ಯುಡೈಸ್ (ಕೇಂದ್ರದ ಶಾಲಾ ದತ್ತಾಂಶ) ದಾಖಲೆಗೆ ತಾಳೆಯಾಗಲೇಬೇಕು. ಕಡತದಲ್ಲಿ 14, ಯುಡೈಸ್‌ನಲ್ಲಿ 9 ಅಂತ ಇದ್ದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ. ಬ್ಲಾಕ್‌ನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು) ಹತ್ತಿರ ಪಟ್ಟಿ ಇರುತ್ತದೆ, ಅವರ ಸಹಿ ಹಾಕಿಸಿ.

ಎರಡನೆಯದು, ಮೊದಲಿಗೆ ಮಗುವಿನ ಮಟ್ಟ ಏನಿತ್ತು, ಈಗ ಏನಿದೆ ಅನ್ನುವ ಅಳತೆ. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಇಂಟರ್ನೆಟ್‌ನಲ್ಲಿ ಸಿಕ್ಕಿತು ಅಂತ ಟಿಜಿಎಂಡಿ-3 ಎಂಬ ಚಲನಕೌಶಲದ ಪರೀಕ್ಷೆ ಮಾಡಿಬಿಡುತ್ತಾರೆ. ಓಟ, ಕುಂಟು, ಎಸೆತ, ಹಿಡಿತ ಅಂತ 13 ಕೌಶಲ, 100 ಅಂಕದ ಒಳ್ಳೆಯ ಪರೀಕ್ಷೆಯೇ ಅದು, ಆದರೆ 3ರಿಂದ 10 ವರ್ಷದ ಮಕ್ಕಳಿಗೆ. ಪ್ರೌಢಶಾಲೆಯವರಿಗೆ ಹೊಂದುವುದು ಬ್ರಾಕ್‌ಪೋರ್ಟ್ ಎಂಬ ದೈಹಿಕ ಕ್ಷಮತೆಯ ಪರೀಕ್ಷೆ. ಅದು 10ರಿಂದ 17 ವರ್ಷದವರಿಗೆ. ಒಟ್ಟು 27 ಬಗೆಯ ಪರೀಕ್ಷೆಗಳಿವೆ, ಎಲ್ಲವನ್ನೂ ಮಾಡಬೇಕಿಲ್ಲ, ವಿಕಲತೆ ನೋಡಿ ನಾಲ್ಕೈದು ಆರಿಸಿಕೊಳ್ಳುವುದು. ಬೌದ್ಧಿಕ ವಿಕಲತೆಯ ಮಕ್ಕಳಿಗೆ ಪೇಸರ್ ಓಟ (ಬೀಪ್ ಸದ್ದಿಗೆ ತಕ್ಕಂತೆ ಎರಡು ಗೆರೆಗಳ ನಡುವೆ ಓಡುವುದು) 20 ಮೀಟರ್ ಬದಲು 16 ಮೀಟರ್‌ನಲ್ಲಿ ಇದೆ. ಗಾಲಿಕುರ್ಚಿಯ ಮಗುವಿಗಾದರೆ ಗುರಿ ಹೃದಯಬಡಿತವನ್ನು 15 ನಿಮಿಷ ಹಿಡಿದಿಡುವ ಚಲನೆಯ ಪರೀಕ್ಷೆ. ಜೂನ್‌ನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ, ಅದೇ ಮೈದಾನ, ಅದೇ ಹೊತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನದ ಬಿಸಿಲಲ್ಲಿ ಇನ್ನೊಂದು ಮಾಡಿದರೆ ಹೋಲಿಸಲು ಬರುವುದಿಲ್ಲ.

ಮೂರನೆಯದು, ಅಳವಡಿಕೆ. ಆಟವನ್ನು ಹೇಗೆ ಬದಲಿಸಿದರು ಅನ್ನುವುದನ್ನು ಅಳತೆ ಸಮೇತ ಬರೆಯಿರಿ. ಒಂದು ಉದಾಹರಣೆ ಕೊಡ್ತೀನಿ. ಬೋಚಾ ಅಂದರೆ ಬಿಳಿ ಚೆಂಡಿನ ಹತ್ತಿರಕ್ಕೆ ತಮ್ಮ ಚೆಂಡು ಎಸೆಯುವ ಆಟ. ಅದರ ಅಂಕಣ 12.5 ಮೀಟರ್ ಉದ್ದ, 6 ಮೀಟರ್ ಅಗಲ. 6 ಕೆಂಪು, 6 ನೀಲಿ, 1 ಬಿಳಿ ಚೆಂಡು, ಒಂದೊಂದರ ತೂಕ ಸುಮಾರು 275 ಗ್ರಾಂ. ಆಮದು ಸೆಟ್ ದುಬಾರಿ, ಶಾಲೆಯ ಅನುದಾನಕ್ಕೆ ನಿಲುಕದು. ದಪ್ಪ ಬಟ್ಟೆಯ ಚೀಲದಲ್ಲಿ ರಾಗಿ ತುಂಬಿ, ಅಂಗಡಿ ತಕ್ಕಡಿಯಲ್ಲಿ 275ಕ್ಕೆ ತೂಗಿ, ಬಾಯಿ ಹೊಲಿದು ಬಣ್ಣ ಹಚ್ಚಿದರೆ ಅಭ್ಯಾಸಕ್ಕೆ ಸಾಕು. ಪೂರ್ತಿ ಗಟ್ಟಿಯಾಗಿ ತುಂಬಬೇಡಿ, ಪುಟಿದು ದೂರ ಹೋಗುತ್ತದೆ. ತೀರಾ ಸಡಿಲವಾದರೆ ಬಿದ್ದಲ್ಲೇ ಕುಕ್ಕರಿಸುತ್ತದೆ. ಕೈಯಲ್ಲಿ ಹಿಡಿತವೇ ಇಲ್ಲದ ಮಗುವಿಗೆ 110 ಎಂಎಂ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಇಳಿಜಾರು ಮಾಡಿ, ಅಂಚನ್ನು ಉಪ್ಪುಕಾಗದದಿಂದ ಉಜ್ಜಿ. ಸ್ಪರ್ಧೆಯ ನಿಯಮದಲ್ಲಿ ಇಳಿಜಾರನ್ನು ಮಗ್ಗುಲಾಗಿ ಮಲಗಿಸಿದಾಗ ಅದು 2.5 ಮೀಟರ್ ಗುಣಿಸು 1 ಮೀಟರ್ ಜಾಗದೊಳಗೆ ಹಿಡಿಯಬೇಕು. ದೃಷ್ಟಿದೋಷದ ಮಕ್ಕಳು ಸದ್ದು ಕೇಳಿ ಚೆಂಡು ತಡೆಯುವ ಗೋಲ್‌ಬಾಲ್‌ಗೆ ನೆಲದ ಮೇಲೆ 3 ಎಂಎಂ ದಾರ ಎಳೆದು ಮೇಲೆ 5 ಸೆಂ.ಮೀ. ಅಗಲದ ಟೇಪ್ ಅಂಟಿಸಿದರೆ ಗೆರೆ ಕೈಗೆ, ಕಾಲಿಗೆ ತಿಳಿಯುತ್ತದೆ. ಇಂಥ ಒಂದು ಪುಟ, ಜೊತೆಗೆ ಎರಡು ಫೋಟೊ, ಇಡೀ ಆಲ್ಬಂಗಿಂತ ಹೆಚ್ಚು ಮಾತಾಡುತ್ತದೆ.

ಒಂದು ಎಚ್ಚರಿಕೆ. ಡೌನ್ ಸಿಂಡ್ರೋಮ್ ಇರುವ ಮಗು ಲಾಗ ಹಾಕುವ ಫೋಟೊ ಕಡತದಲ್ಲಿ ಇದ್ದರೆ, ವಿಷಯ ಬಲ್ಲವರು ಅಲ್ಲಿಗೇ ಮುಚ್ಚುತ್ತಾರೆ. ಆ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿರುತ್ತದೆ, ಕತ್ತು ಮಡಚಿ ಉರುಳಿದರೆ ಬೆನ್ನುಹುರಿಗೆ ಪೆಟ್ಟಾಗುವ ಅಪಾಯ. ವೈದ್ಯರ ತಪಾಸಣೆ ಆಗುವವರೆಗೆ ಲಾಗ, ತಲೆಯಿಂದ ಚೆಂಡು ಹೊಡೆತ, ನೀರಿಗೆ ಡೈವ್ ಬೇಡ. ಯಾವ ಮಗುವಿಗೆ ಯಾವ ಚಟುವಟಿಕೆ ನಿಷಿದ್ಧ, ಯಾರು ಹೇಳಿದರು ಅನ್ನುವ ಒಂದು ಪಟ್ಟಿ ಇದ್ದರೆ ಶಿಕ್ಷಕರ ವೃತ್ತಿಜ್ಞಾನ ತಾನೇ ಗೊತ್ತಾಗುತ್ತದೆ.

ಟ್ರ್ಯಾಕ್_ಸೈಡ್

ಪದಕದ ಭಾಗಕ್ಕೆ ಒಂದಿಷ್ಟು ಸೇರಿಸುತ್ತೇನೆ. ಶಿಕ್ಷಕ ಪ್ರಶಸ್ತಿಗಾದರೂ ಅದನ್ನು ಸರಿಯಾಗಿ ತೋರಿಸಬೇಕು.

ಹುಡುಗ ಯಾವ ವರ್ಗದಲ್ಲಿ ಓಡಿದ ಅಂತ ಬರೆಯಿರಿ. ಯುಡಿಐಡಿ ಕಾರ್ಡಿನ (ವಿಕಲಚೇತನರ ಗುರುತಿನ ಚೀಟಿ) ಶೇಕಡಾವಾರಿಗೂ ಕ್ರೀಡಾ ವರ್ಗೀಕರಣಕ್ಕೂ ಸಂಬಂಧವಿಲ್ಲ. ಕಾರ್ಡ್ ಸೌಲಭ್ಯಕ್ಕೆ, 40 ಶೇಕಡಾ ಅಲ್ಲಿನ ಗಡಿ. ಟ್ರ್ಯಾಕ್‌ನಲ್ಲಿ ದೃಷ್ಟಿದೋಷಕ್ಕೆ ಟಿ11ರಿಂದ ಟಿ13, ಬೌದ್ಧಿಕ ವಿಕಲತೆಗೆ ಟಿ20, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳಿಗೆ ಟಿ31ರಿಂದ ಟಿ38. ವರ್ಗ ಬರೆಯದೆ "100 ಮೀಟರ್‌ನಲ್ಲಿ ಬೆಳ್ಳಿ" ಅಂದರೆ ಅದು ಅರ್ಧ ಮಾಹಿತಿ. ಫಲಿತಾಂಶದ ಹಾಳೆಯನ್ನೇ ಲಗತ್ತಿಸಿ, ಎಷ್ಟು ಜನ ಓಡಿದರು ಅನ್ನುವುದು ಅದರಲ್ಲಿ ಕಾಣಲಿ. ಕೆಲವು ವರ್ಗಗಳಲ್ಲಿ ರಾಜ್ಯಮಟ್ಟದಲ್ಲಿ ಮೂವರೇ ಇರುತ್ತಾರೆ, ಮೂವರಿಗೂ ಪದಕ. ಅದನ್ನು ಮುಚ್ಚಿಡುವುದಕ್ಕಿಂತ ಹುಡುಗನ ಸಮಯ ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತು ಅಂತ ಮುಂದಿಡಿ.

ಸ್ಪೆಷಲ್ ಒಲಿಂಪಿಕ್ಸ್ ಪದಕವನ್ನೂ ಪ್ಯಾರಾ ಪದಕವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಸಾಮರ್ಥ್ಯ ಹತ್ತಿರ ಇರುವವರನ್ನು ಗುಂಪು ಮಾಡಿ ಪ್ರತಿ ಗುಂಪಿಗೂ ಪದಕ ಕೊಡುತ್ತಾರೆ, ಅದರ ಉದ್ದೇಶವೇ ಬೇರೆ. ಶ್ರವಣದೋಷದವರ ಡೆಫ್ಲಿಂಪಿಕ್ಸ್ ಮೂರನೆಯದು. ಅದು ಪ್ಯಾರಾಲಿಂಪಿಕ್ ಚಳವಳಿಯ ಹೊರಗಿದೆ, ಒಳ್ಳೆಯ ಕಿವಿಯಲ್ಲೂ ಕನಿಷ್ಠ 55 ಡೆಸಿಬಲ್ ನಷ್ಟ ಇರಬೇಕು.

ಇನ್ನು ಶಿಷ್ಯ ಯಾರವನು ಅನ್ನುವ ಜಗಳ. ಹುಡುಗ ಪದಕ ಗೆದ್ದ ಕೂಡಲೇ ಮೂವರು ಗುರುಗಳು ಹುಟ್ಟಿಕೊಳ್ಳುತ್ತಾರೆ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ವಾರಕ್ಕೆ ಎಷ್ಟು ದಿನ, ಯಾವ ಮೈದಾನದಲ್ಲಿ ತರಬೇತಿ ಅಂತ ಹುಡುಗನೂ ಪೋಷಕರೂ ಸಹಿ ಮಾಡಿದ ಪತ್ರ ತಗೊಳ್ಳಿ. ಮಧ್ಯೆ ಬೇರೆ ಕೋಚ್ ಇದ್ದರೆ ಅವರ ಹೆಸರನ್ನೂ ಬರೆಯಿರಿ, ಅದರಿಂದ ನಿಮ್ಮವರ ಗೌರವ ಕಡಿಮೆಯಾಗುವುದಿಲ್ಲ. ಟಿ11 ಓಟಗಾರನಿದ್ದರೆ, ಜೊತೆಗೆ ಓಡಿ ದಾರಿ ತೋರಿಸುವ ಗೈಡ್ ರನ್ನರ್ ಹೆಸರು ಬಿಡಲೇಬೇಡಿ. ಪ್ಯಾರಾಲಿಂಪಿಕ್ಸ್‌ನಲ್ಲಿ ಅವರಿಗೂ ಪದಕ ಕೊಡುತ್ತಾರೆ, ಕಡತದಲ್ಲಿ ಒಂದು ಸಾಲಾದರೂ ಬೇಡವೇ?

ಕಾವೇರಿ_ಟು_ಕೊಲೊರಾಡೊ

ಹೊರಗಿನ ಪದ್ಧತಿ ಹೋಲಿಕೆಗೆ ಬೇಕಾದರೆ: ಅಮೆರಿಕದಲ್ಲಿ ವಿಕಲಚೇತನರ ದೈಹಿಕ ಶಿಕ್ಷಣಕ್ಕೆಂದೇ ಒಂದು ರಾಷ್ಟ್ರೀಯ ವೃತ್ತಿಪರ ಒಕ್ಕೂಟವಿದೆ, ಎನ್‌ಸಿಪಿಇಐಡಿ ಅಂತ. ಅಲ್ಲಿ ಸಂಶೋಧನೆಗೆ ಲಾರೆನ್ಸ್ ರ‍್ಯಾರಿಕ್ ಹೆಸರಿನ ಪ್ರಶಸ್ತಿ, ಸೇವೆಗೆ ವಿಲಿಯಂ ಹಿಲ್‌ಮನ್ ಹೆಸರಿನದು, ವಿದ್ವತ್ ಕೊಡುಗೆಗೆ ಹೊಲಿಸ್ ಫೈಟ್ ಹೆಸರಿನದು. ಪದಕ ಗೆಲ್ಲಿಸುವ ಕೋಚ್‌ಗೂ ತರಗತಿಯ ಶಿಕ್ಷಕರಿಗೂ ಒಂದೇ ಸಾಲಿನಲ್ಲಿ ಪೈಪೋಟಿ ಇಲ್ಲ. ಶಿಕ್ಷಕರಿಗೆ 15 ಮಾನದಂಡಗಳ ಮೇಲೆ ಪ್ರತ್ಯೇಕ ಪ್ರಮಾಣಪತ್ರ ಪರೀಕ್ಷೆಯೂ ಇದೆ. ನಮ್ಮಲ್ಲಿ ಅಂಥ ವಿಭಾಗ ಇಲ್ಲ. ಆದರೆ ಕಾನೂನಿನ ಆಧಾರ ಇದೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಂ ಮನರಂಜನೆ, 30ನೇ ಕಲಂ ಕ್ರೀಡೆ. ಅರ್ಜಿಯ ಮೊದಲ ವಾಕ್ಯದಲ್ಲೇ ಈ ಎರಡರ ಅಡಿ ಶಾಲೆಯಲ್ಲಿ ಏನಾಗಿದೆ ಅಂತ ಹೇಳಿದರೆ ಸಮಿತಿಗೆ ಚೌಕಟ್ಟು ಸಿಗುತ್ತದೆ.

ಮಲಪ್ರಭಾ_ದಂಡೆ

ಎಲ್ಲರಿಗೂ ಧನ್ಯವಾದ. ಹಾಗಾದರೆ ಶಿಕ್ಷಕ ಪ್ರಶಸ್ತಿ ಮತ್ತು ರಾಜ್ಯದ ಡಿಸೆಂಬರ್ 3ರದ್ದು, ಇವೆರಡಕ್ಕೆ ಹೋಗುತ್ತೇವೆ. ಮಕ್ಕಳ ಅಂಗವೈಕಲ್ಯ ಪ್ರಮಾಣಪತ್ರದ ಜೆರಾಕ್ಸ್ ಎಲ್ಲಾ ಹಾಕಬೇಕಾ? ವಿಡಿಯೊ ಕೊಡಬಹುದಾ?

ಬೋಚಾ_ಬಳಗ

ಪ್ರಮಾಣಪತ್ರ ಹಾಕಲೇಬೇಡಿ ಮೇಡಂ. ಅರ್ಜಿ ಶಿಕ್ಷಕರದು, ಮಕ್ಕಳ ವೈದ್ಯಕೀಯ ವಿವರ ಅದಕ್ಕೆ ಬೇಕಿಲ್ಲ. ಹೆಸರಿನ ಬದಲು ಎ, ಬಿ, ಸಿ ಅಂತ ಕೊಟ್ಟು ವಯಸ್ಸು ಮತ್ತು ವಿಕಲತೆಯ ಬಗೆ ಬರೆಯಿರಿ, ಮೂಲ ಪಟ್ಟಿ ಮುಖ್ಯಶಿಕ್ಷಕರ ಬೀರುವಿನಲ್ಲಿರಲಿ, ಪರಿಶೀಲನೆಗೆ ಬಂದವರಿಗೆ ತೋರಿಸಿದರಾಯಿತು. ಫೋಟೊ, ವಿಡಿಯೊಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರ ವಿಷಯದಲ್ಲಿ ಅದನ್ನು ಕೇಳುತ್ತದೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, "ಪ್ರಶಸ್ತಿ ಅರ್ಜಿಗೆ ಮಾತ್ರ" ಅಂತ ಬರೆದಿರಲಿ. ಓದು ಬಾರದ ಪೋಷಕರಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು.

ವಿಡಿಯೊ ಕೊಡಿ, ಆದರೆ 2-3 ನಿಮಿಷ ಮೀರಬಾರದು, ಹಿನ್ನೆಲೆ ಹಾಡು ಬೇಡ. ಡ್ರೋನ್ ಶಾಟ್ ಅಂತೂ ಬೇಡವೇ ಬೇಡ. ಒಂದೇ ಪೀರಿಯಡ್ಡನ್ನು ಕತ್ತರಿಸದೆ ತೆಗೆದ ತುಣುಕು ಸಾಕು: ಮಾಸ್ತರರು ಸೂಚನೆ ಹೇಗೆ ಕೊಡುತ್ತಾರೆ, ಗಾಲಿಕುರ್ಚಿಯ ಮಗು ಕಬಡ್ಡಿ ಸಾಲಿನಲ್ಲಿ ಎಲ್ಲಿದೆ, ಸರದಿ ಬರಲು ಎಷ್ಟು ಹೊತ್ತು ಕಾಯುತ್ತದೆ, ಅದಷ್ಟೂ ಕಾಣುವಂತೆ.